ಲಂಕೆಯ ಅಡುಗೆಮನೆಗಳಲ್ಲಿ ಕೇಳಿದ ರೇಡಿಯೋ

ರೇಡಿಯೋ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ, ಸಹೋದರಿಯರೇ? ಗೋಡೆಯ ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತ ಪೆಟ್ಟಿಗೆಯೇ? ಪ್ರದೇಶ ಸಮಾಚಾರಕ್ಕೆ ಕಿವಿಗೊಟ್ಟು ದೋಸೆ ಮಗುಚುತ್ತಿದ್ದ ಅಮ್ಮನೇ? ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳಿದ ಮಹಿಳೆಯರ ಕಾರ್ಯಕ್ರಮವೇ? ಏನೇ ಇರಲಿ, ಒಂದು ಮಾತಂತೂ ನಿಜ. ಟಿ.ವಿ. ನೋಡಬೇಕಾದರೆ ಕೆಲಸ ಬಿಟ್ಟು ಅದರ ಮುಂದೆ ಕೂರಬೇಕು. ಮೊಬೈಲಿಗೆ ಕಣ್ಣೂ ಬೇಕು, ಕೈಯೂ ಬೇಕು. ರೇಡಿಯೋ ಹಾಗಲ್ಲ ನೋಡಿ. ಕಿವಿಯೊಂದನ್ನು ಕೊಟ್ಟರೆ ಸಾಕು, ನಮ್ಮ ಜೊತೆ ಒಲೆಯ ಮುಂದೆ ನಿಂತುಕೊಳ್ಳುತ್ತದೆ, ಬಚ್ಚಲಿಗೂ ಬರುತ್ತದೆ.

2024ರ ಮಾರ್ಚ್ ತಿಂಗಳಲ್ಲಿ ನಮ್ಮೂರಿನ ಒಂದು ಗುಂಪಿನ ಜೊತೆ ನಾನೂ ನಮ್ಮ ಯಜಮಾನರೂ ಶ್ರೀಲಂಕೆಗೆ ಹೋಗಿದ್ದೆವು. ಸೀತಾದೇವಿಯ ಗುಡಿ, ಆಂಜನೇಯನ ಗುಡಿ, ಕ್ಯಾಂಡಿಯ ದಂತ ಮಂದಿರ ಎಲ್ಲವನ್ನೂ ನೋಡಿದ್ದಾಯಿತು. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯಹೊರಟಿದ್ದು ಅಲ್ಲಿ ಎಂಟು ದಿನವೂ ನನ್ನ ಕಿವಿಗೆ ಬಿದ್ದ ರೇಡಿಯೋದ ವಿಚಾರ. ನಮ್ಮ ವ್ಯಾನಿನ ಚಾಲಕರು ಚಹಾ ತೋಟದ ಸೀಮೆಯ ತಮಿಳರು, ಸಿಂಹಳವನ್ನೂ ನೀರು ಕುಡಿದಷ್ಟು ಸುಲಭವಾಗಿ ಮಾತಾಡುವವರು. ನನಗೆ ನೆರೆಮನೆಯವರ ಸಹವಾಸದಿಂದ ತಮಿಳು ಅಷ್ಟಿಷ್ಟು ಅರ್ಥವಾಗುತ್ತದೆ. ಅವರು ಹೇಳಿದ್ದು, ನಾನು ಕೇಳಿದ್ದು, ಮನೆಗೆ ಬಂದ ಮೇಲೆ ಓದಿ ತಿಳಿದದ್ದು, ಮೂರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಅಮ್ಮಂದಿರ ಸಿಲೋನ್

ಲಂಕೆಯ ರೇಡಿಯೋ ನಮಗೆ ಹೊಸದೇನಲ್ಲ. ನಿಮ್ಮ ಮನೆಯ ಹಿರಿಯರ ಮುಂದೆ "ಸಿಲೋನ್" ಅಂದು ನೋಡಿ, ಅವರ ಮುಖ ಅರಳುತ್ತದೆ. ಅವರಿಗೆ ಅದು ದೇಶದ ಹೆಸರೇ ಅಲ್ಲ, ರೇಡಿಯೋ ಮುಳ್ಳಿನ ಒಂದು ಜಾಗದ ಹೆಸರು!

ಕೊಲಂಬೊದಲ್ಲಿ ರೇಡಿಯೋ ಪ್ರಸಾರದ ಪ್ರಯೋಗ ನಡೆದದ್ದು 1923ರಲ್ಲಿ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಒಂದು ಜರ್ಮನ್ ಜಲಾಂತರ್ಗಾಮಿಯ ರೇಡಿಯೋ ಸಾಮಾನುಗಳಿಂದ ತಂತಿ ಇಲಾಖೆಯವರು ಪ್ರೇಷಕ ಕಟ್ಟಿದರಂತೆ. ಹಳೇ ಸೀರೆಯಲ್ಲಿ ಕೌದಿ ಹೊಲಿಯುವ ನಮಗೆ ಇಂಥ ಜಾಣತನ ಅರ್ಥವಾಗುತ್ತದೆ, ಅಲ್ಲವೇ? 1925ರ ಡಿಸೆಂಬರ್‌ನಲ್ಲಿ ದಿನನಿತ್ಯದ ಪ್ರಸಾರ ಶುರುವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಅಲ್ಲಿ ಬಹು ಶಕ್ತಿಯ ಪ್ರೇಷಕ ನಿಲ್ಲಿಸಿದ್ದರು. ಯುದ್ಧ ಮುಗಿದ ಮೇಲೆ ಅದು ರೇಡಿಯೋ ಸಿಲೋನಿನ ಪಾಲಾಯಿತು.

1952ರಲ್ಲಿ ನಮ್ಮ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸಲಿಲ್ಲ. ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಕೇಳುವವರು ಸುಮ್ಮನಿದ್ದಾರೆಯೇ? ಮುಳ್ಳು ತಿರುಗಿಸಿ ಸಿಲೋನಿಗೆ ಹೋದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಆರಂಭ. ಮುಂಬಯಿಯಲ್ಲಿ ಮುದ್ರಿಸಿದ ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ನಮ್ಮ ಮನೆಗಳಿಗೆ ಬರುತ್ತಿತ್ತು. ಹಿಂದಿಯ ಜೊತೆಗೆ ತಮಿಳು, ತೆಲುಗು, ಮಲಯಾಳ, ಕನ್ನಡ ಹಾಡುಗಳಿಗೂ ಆ ನಿಲಯದಲ್ಲಿ ಸ್ವಲ್ಪ ಹೊತ್ತು ಸಿಗುತ್ತಿತ್ತು. ನಮ್ಮವರು ಎಚ್ಚೆತ್ತು ವಿವಿಧ ಭಾರತಿ ಶುರು ಮಾಡಿದ್ದು 1957ರ ಅಕ್ಟೋಬರ್‌ನಲ್ಲಿ. ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ಹೊರಟದ್ದು ಅದಾದ ಸ್ವಲ್ಪ ದಿನಕ್ಕೇ. ಹಾಗಾಗಿ ನಮ್ಮ ಗುಂಪಿನ ಹಿರಿಯರು ವಿಮಾನದಲ್ಲೆಲ್ಲ ಅದನ್ನೇ ಮಾತಾಡುತ್ತಿದ್ದರು.

ಆ ಕಾಲದ ಒಂದು ಊರಿನ ಹೆಸರು ನಿಮಗೂ ಗೊತ್ತಿರಬಹುದು: ಝುಮರಿ ತಿಲೈಯಾ. ಆಗಿನ ಬಿಹಾರದ, ಈಗಿನ ಝಾರ್ಖಂಡದ ಸಣ್ಣ ಊರು. ಅಲ್ಲಿನವರು ಮೆಚ್ಚಿನ ಹಾಡಿಗಾಗಿ ಸಿಲೋನಿಗೂ ವಿವಿಧ ಭಾರತಿಗೂ ಕಾರ್ಡು ಬರೆದು ಬರೆದೇ ತಮ್ಮೂರನ್ನು ದೇಶಕ್ಕೆಲ್ಲ ಪರಿಚಯಿಸಿಬಿಟ್ಟರು. ನಗು ಬರುತ್ತದೆ ನಿಜ. ಆದರೆ ಯೋಚಿಸಿ, ಅವರಿಗೆ ಬೇಕಾಗಿದ್ದದ್ದು ಬರೀ ಹಾಡೇ? ಹಾಡು ಹೇಗೂ ಬರುತ್ತಿತ್ತು. ತಮ್ಮ ಹೆಸರು, ತಮ್ಮೂರಿನ ಹೆಸರು ಆ ಪೆಟ್ಟಿಗೆಯೊಳಗಿಂದ ಒಂದು ಸಲ ಕೇಳಬೇಕಿತ್ತು. ಈ ಆಸೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂಜಾನೆಯ ಪಿರಿತ್

ಕ್ಯಾಂಡಿಯಲ್ಲಿ ನಾವು ಇಳಿದುಕೊಂಡದ್ದು ಒಂದು ಸಂಸಾರದವರು ನಡೆಸುವ ಸಣ್ಣ ವಸತಿಗೃಹದಲ್ಲಿ. ನಸುಕಿನಲ್ಲೇ ಎಚ್ಚರವಾಗಿ ಅಡುಗೆಮನೆ ಕಡೆ ಇಣುಕಿದೆ. ಮನೆಯಾಕೆ ತೆಂಗಿನಕಾಯಿ ತುರಿಯುತ್ತಿದ್ದರು, ಪಕ್ಕದಲ್ಲಿ ರೇಡಿಯೋ. ಅದರಲ್ಲಿ ಬಿಕ್ಕುಗಳು ರಾಗವಾಗಿ ಪಠಿಸುತ್ತಿದ್ದರು. ಅದಕ್ಕೆ ಪಿರಿತ್ ಅನ್ನುತ್ತಾರೆ, ಬುದ್ಧನ ವಚನಗಳ ರಕ್ಷಾಪಠಣ. ಸಿಂಹಳ ಕೇಂದ್ರಗಳ ದಿನ ತೆರೆಯುವುದೇ ಅದರಿಂದ. ಅರ್ಥವಾಗದಿದ್ದರೂ ನನಗೆ ನಮ್ಮ ಬೆಳಗಿನ ಸುಪ್ರಭಾತವೇ ನೆನಪಾಯಿತು. ಒಲೆ ಹೊತ್ತಿಸುವ ಹೊತ್ತಿಗೆ ಒಳ್ಳೆಯ ಮಾತೊಂದು ಕಿವಿಗೆ ಬೀಳಲಿ ಅನ್ನುವುದು ಎಲ್ಲ ಕಡೆಯೂ ಒಂದೇ.

ಪಠಣ ಮುಗಿದ ಮೇಲೆ ಉದ್ಘೋಷಕಿ "ಆಯುಬೋವನ್" ಅಂದರು. ನಿಮಗೆ ದೀರ್ಘಾಯುಷ್ಯವಾಗಲಿ ಎಂದು ಅರ್ಥ. "ಆಯು" ನಮ್ಮದೇ ಆಯುಷ್ಯ! ಆಮೇಲೆ ರೇಡಿಯೋಗೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದೆ. ಸಿಂಹಳದಲ್ಲಿ "ಗುವನ್ ವಿದುಲಿಯ" ಅಂದರು. ಗುವನ್ ಎಂದರೆ ಬಾನು, ವಿದುಲಿ ನಮ್ಮ ವಿದ್ಯುತ್ತು. ತಮಿಳಿನಲ್ಲಿ "ವಾನೊಲಿ", ಅಂದರೆ ನಮ್ಮ ಬಾನುಲಿಯೇ. ನಮ್ಮ "ಆಕಾಶವಾಣಿ" ಹೆಸರು 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ನಡೆಸಿದ ನಿಲಯದಿಂದ ಬಂದದ್ದು. ಮೂರು ಭಾಷೆಯವರೂ ಆಕಾಶದ ಕಡೆಗೇ ಕೈ ತೋರಿಸಿದ್ದಾರೆ ನೋಡಿ.

ಅಲ್ಲಿ ಹುಣ್ಣಿಮೆ ದಿನಕ್ಕೆ ಪೋಯ ಅನ್ನುತ್ತಾರೆ. ದೇಶಕ್ಕೆಲ್ಲ ರಜೆ. ಆ ದಿನ ಮದ್ಯ, ಮಾಂಸದ ಮಾರಾಟವಿಲ್ಲ. ಬಿಳಿ ಬಟ್ಟೆ ಉಟ್ಟು ಗುಡಿಗೆ ಹೋಗುತ್ತಾರೆ. ಅಂದು ರೇಡಿಯೋದಲ್ಲಿ ಬಣ, ಅಂದರೆ ಧರ್ಮೋಪದೇಶ. ಹೋಗಲಾರದ ಮುದುಕಿಯರು, ಬಾಣಂತಿಯರು ಮನೆಯಲ್ಲೇ ಕೂತು ಕೇಳುತ್ತಾರಂತೆ.

ಸಾವಿನ ಸುದ್ದಿ ಓದುವ ದನಿ

ನನ್ನನ್ನು ಹೆಚ್ಚು ಕಾಡಿದ್ದು ಇದಲ್ಲ. ದಾರಿಯಲ್ಲಿ ಒಂದು ಕಡೆ ಚಹಾಕ್ಕೆ ನಿಂತಾಗ ಅಂಗಡಿಯ ರೇಡಿಯೋದಲ್ಲಿ ಒಂದು ಹೆಣ್ಣು ದನಿ, ಏರಿಳಿತವಿಲ್ಲದೆ, ನಿಧಾನವಾಗಿ ತಮಿಳಿನಲ್ಲಿ ಓದುತ್ತಿತ್ತು. ಇಂಥ ಊರಲ್ಲಿ ಹುಟ್ಟಿ ಇಂಥ ಊರಲ್ಲಿ ನೆಲೆಸಿದ್ದವರು, ಇಂಥವರ ಮಡದಿ, ಇಂಥವರ ತಾಯಿ, ಕಾಲವಾದರು. ಅಂತ್ಯಕ್ರಿಯೆ ಇಷ್ಟು ಗಂಟೆಗೆ. ಮತ್ತೊಂದು ಹೆಸರು. ಮತ್ತೆ ಅದೇ ಸಾಲು. ಅಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟು ಕೇಳಿದರು.

ಅಲ್ಲಿನ ಸರಕಾರಿ ರೇಡಿಯೋದಲ್ಲಿ ಇದು ಬಹಳ ಹಿಂದಿನಿಂದ ಬಂದ ಪದ್ಧತಿ. ನನಗೆ ಮೊದಲು ಅಪಶಕುನ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ದ್ವೀಪದ ಕಥೆ ಗೊತ್ತಾದಂತೆ ಅರ್ಥವಾಯಿತು. 1983ರಿಂದ 2009ರವರೆಗೆ ಅಲ್ಲಿ ಯುದ್ಧ. ಮನೆಮಠ ಬಿಟ್ಟು ಜನ ದಿಕ್ಕಾಪಾಲಾದರು. ಅದಕ್ಕೂ ಮೊದಲು, 1964ರ ಒಪ್ಪಂದದ ಪ್ರಕಾರ ಚಹಾ ತೋಟದ ತಮಿಳರಲ್ಲಿ ಲಕ್ಷಗಟ್ಟಲೆ ಮಂದಿಯನ್ನು ಭಾರತಕ್ಕೆ ಕಳಿಸಲಾಯಿತು. ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಓದುಗರಿಗೆ ಗೊತ್ತು, ಅಲ್ಲಿನ ರಬ್ಬರ್ ತೋಟಗಳಲ್ಲಿ ದುಡಿಯುವ ಎಷ್ಟೋ ಕುಟುಂಬಗಳು ಹಾಗೆ ಬಂದವೇ. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ. ಇಂಥ ಸಂಸಾರಗಳಲ್ಲಿ ಯಾರ ವಿಳಾಸ ಯಾರ ಹತ್ತಿರ ಇರುತ್ತದೆ? ಕಾಗದ ಮುಟ್ಟದ ಕಡೆಗೂ ದನಿ ಮುಟ್ಟುತ್ತದೆ. "ಹುಟ್ಟಿದೂರು ಇಂಥದ್ದು" ಎಂದು ಓದುವುದು ಅದಕ್ಕೇ. ಆ ಊರಿನ ಹೆಸರು ಕೇಳಿದರೆ ಎಲ್ಲೋ ಒಬ್ಬ ತಂಗಿ ತಿರುಗಿ ನೋಡಬಹುದು.

ಒಂದೇ ಸೂರ್ಯ, ಎರಡು ಹೆಸರು

ಈಗ ಲಂಕೆಯಲ್ಲಿ ಸರಕಾರಿ ರೇಡಿಯೋ ಒಂದೇ ಅಲ್ಲ. ನಮ್ಮಲ್ಲಿ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಬಂದದ್ದು 2001ರಲ್ಲಿ. ಅಲ್ಲಿ 1990ರ ದಶಕದಲ್ಲೇ ಬಂದವು. ಸಿಂಹಳದವರಿಗೆ ಸಿರಸ, ಹಿರು. ತಮಿಳರಿಗೆ ಶಕ್ತಿ, ಸೂರಿಯನ್. ನಮ್ಮ ಖಾಸಗಿ ಕೇಂದ್ರಗಳು ಸ್ವಂತವಾಗಿ ವಾರ್ತೆ ಓದುವಂತಿಲ್ಲ. ಅಲ್ಲಿನವು ಓದುತ್ತವೆ.

ಚಾಲಕರು ಸಿಂಹಳ ಕೇಂದ್ರ ಸ್ವಲ್ಪ ಹೊತ್ತು, ತಮಿಳು ಕೇಂದ್ರ ಸ್ವಲ್ಪ ಹೊತ್ತು ಹಾಕುತ್ತಿದ್ದರು. ಹಿರು ಎಂದರೆ ಏನು ಎಂದು ಕೇಳಿದೆ. ಸೂರ್ಯ ಅಂದರು. ಸೂರಿಯನ್ ಎಂದರೂ ಸೂರ್ಯನೇ. ಎರಡೂ ಒಂದೇ ಸಂಸ್ಥೆಯವು! ಒಂದೇ ಸೂರ್ಯನಿಗೆ ಎರಡು ಹೆಸರಿಟ್ಟು ಎರಡು ಕಡೆ ಕೂರಿಸಿದ್ದಾರೆ. ಭಾಷೆಗೊಂದು ಕೇಂದ್ರ ಬೇಕಾದ್ದೇ, ತಾಯಿನುಡಿಯಲ್ಲಿ ಕೇಳಿದ್ದು ಮಾತ್ರ ಮನಸ್ಸಿಗೆ ಹತ್ತುತ್ತದೆ. ಆದರೆ ಒಬ್ಬರು ಕೇಳುವುದನ್ನು ಇನ್ನೊಬ್ಬರು ಕೇಳುವುದೇ ಇಲ್ಲ ಎಂದಾದರೆ? ಒಂದೇ ವಠಾರದಲ್ಲಿ ಇಬ್ಬರು ಓರಗಿತ್ತಿಯರು ಮಾತು ಬಿಟ್ಟ ಹಾಗೆ. ಎರಡನ್ನೂ ಕೇಳುವ ನಮ್ಮ ಚಾಲಕರಂಥವರು ಇದ್ದರೆ ವಠಾರ ಉಳಿಯುತ್ತದೆ ಎಂದು ನನಗೆ ಅನ್ನಿಸಿತು.

ಮುಳುಗಿದ ಊರುಗಳ ರೇಡಿಯೋ

ಕ್ಯಾಂಡಿಯಿಂದ ನುವರ ಎಲಿಯಾಗೆ ಹೋಗುವ ದಾರಿಯಲ್ಲಿ ರಂಬೊಡ ಎಂಬಲ್ಲಿ ಗುಡ್ಡದ ಮೇಲೆ ಆಂಜನೇಯನ ಗುಡಿಯಿದೆ. ಅಲ್ಲಿ ನಿಂತು ನೋಡಿದರೆ ಕೆಳಗೆ ಕಣಿವೆಯಲ್ಲಿ ನೀಲಿ ನೀರು. ಎಲ್ಲರೂ ಫೋಟೋ ತೆಗೆದರು. ಅದು ಕೊತ್ಮಲೆ ಜಲಾಶಯ. ಮಹಾವೇಲಿ ನದಿಯ ಯೋಜನೆಯಲ್ಲಿ ಕಟ್ಟಿ 1985ರಲ್ಲಿ ಮುಗಿಸಿದ ಅಣೆಕಟ್ಟಿನ ನೀರು. ಆ ನೀಲಿ ನೀರಿನ ಅಡಿಯಲ್ಲಿ ಊರುಗಳಿವೆ, ಗುಡಿಗಳಿವೆ, ಗದ್ದೆಗಳಿವೆ. ಲಿಂಗನಮಕ್ಕಿಯ ಹಿನ್ನೀರು ಕಂಡವರಿಗೆ, ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮಹಾವೇಲಿ ಯೋಜನೆಯಿಂದ ಸಾವಿರಾರು ಸಂಸಾರಗಳು ಗುರುತು ಪರಿಚಯವಿಲ್ಲದ ಹೊಸ ನೆಲಕ್ಕೆ ಹೋದವು. ಹೊಸ ಜಾಗದಲ್ಲಿ ಬಾವಿ ಯಾವುದು, ಆಸ್ಪತ್ರೆ ಎಲ್ಲಿ, ಪಕ್ಕದ ಮನೆಯವರು ಯಾರು, ಏನೂ ಗೊತ್ತಿಲ್ಲ. ಅಂಥವರಿಗಾಗಿ 1981ರಲ್ಲಿ ಯುನೆಸ್ಕೋ ಮತ್ತು ಡೆನ್ಮಾರ್ಕ್ ದೇಶದ ನೆರವಿನಿಂದ ಮಹಾವೇಲಿ ಸಮುದಾಯ ರೇಡಿಯೋ ಎಂಬ ಕೆಲಸ ಶುರುವಾಯಿತು. ಅದರ ಕ್ರಮ ಕೇಳಿ. ರೇಡಿಯೋದವರು ಊರಿಗೆ ಬಂದು, ಒಂದು ಗಂಟೆ ಮಾತಾಡಿಸಿ, ಜೀಪು ಹತ್ತಿ ಹೋಗುತ್ತಿರಲಿಲ್ಲ. ಹಲವು ದಿನ ಊರಲ್ಲೇ ಉಳಿಯುತ್ತಿದ್ದರು. ಜನ ಸಂಕೋಚ ಬಿಟ್ಟು ಮಾತಾಡಿದ ಮೇಲೆ ಮುದ್ರಿಸಿಕೊಳ್ಳುತ್ತಿದ್ದರು. ಅವರ ಹಾಡು, ಅವರ ಜಗಳ, ಅವರ ನೀರಿನ ತೊಂದರೆ ಎಲ್ಲ ಅವರದೇ ದನಿಯಲ್ಲಿ ರೇಡಿಯೋದಲ್ಲಿ ಬಂತು. ಹೆಂಗಸರು ಬಾಯಿ ತೆರೆಯಲು ದಿನ ಹಿಡಿಯುತ್ತದೆ ಎಂದು ನಮಗಲ್ಲದೆ ಯಾರಿಗೆ ಗೊತ್ತು?

ಕೊತ್ಮಲೆಯಲ್ಲಿ 1989ರಲ್ಲಿ ಒಂದು ಪುಟ್ಟ ಕೇಂದ್ರವೇ ಬಂತು. ಅದರ ದನಿ ಆ ಕಣಿವೆ ಮತ್ತು ಸುತ್ತಲಿನ ಊರುಗಳ ಮಟ್ಟಿಗೆ. ಇಡೀ ಏಷ್ಯಾಕ್ಕೆ ಕೇಳುತ್ತಿದ್ದ ಸಿಲೋನಿನ ಮುಂದೆ ಇದು ಗುಬ್ಬಿ. ಆದರೆ ಈ ಗುಬ್ಬಿ 1999ರ ಹೊತ್ತಿಗೆ ಮಾಡಿದ ಕೆಲಸ ಲೋಕವೆಲ್ಲ ಮಾತಾಡುವಂತಾಯಿತು. ಆಗ ಇಂಟರ್‌ನೆಟ್ ಎಂಬುದು ಹಳ್ಳಿಗೆ ಬಂದಿರಲಿಲ್ಲ. ಬಂದರೂ ಅದು ಇಂಗ್ಲಿಷು. ಯುನೆಸ್ಕೋ ನೆರವಿನಿಂದ ಕೇಂದ್ರಕ್ಕೆ ಕಂಪ್ಯೂಟರು ಬಂತು. ಕೇಳುಗರು ತಮ್ಮ ಪ್ರಶ್ನೆಯನ್ನು ಕಾಗದದಲ್ಲೋ ಫೋನಿನಲ್ಲೋ ಕಳಿಸುವುದು. ಉದ್ಘೋಷಕರು ಪ್ರಸಾರದ ನಡುವೆಯೇ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಆಡುಮಾತಿನಲ್ಲಿ ಬಿಡಿಸಿ ಹೇಳುವುದು. ಕಾಯಿಲೆಯ ವಿಷಯವಾದರೆ ಅಲ್ಲಿನ ವೈದ್ಯರನ್ನೇ ಜೊತೆಗೆ ಕೂರಿಸಿಕೊಳ್ಳುವರು. ಗಂಪೊಲ, ನಾವಲಪಿಟಿಯ ಊರುಗಳ ಗ್ರಂಥಾಲಯಗಳಲ್ಲೂ ಜನರಿಗೆ ಕಂಪ್ಯೂಟರ್ ಇಟ್ಟರು.

ಇಂಗ್ಲಿಷು ಬಾರದ ಹೆಂಗಸು ಒಲೆ ಮುಂದೆ ನಿಂತೇ ಲೋಕದ ಪುಸ್ತಕವನ್ನು ಓದಿಸಿ ಕೇಳಿದಂತಾಯಿತು! ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ಸಿಲೋನ್ ಎಲ್ಲರಿಗೂ ಹಾಡಿತು. ಪುಟ್ಟ ಕೊತ್ಮಲೆ "ನಿಮಗೇನು ಬೇಕು?" ಎಂದು ಕೇಳಿತು. ಕೇಳಿಸುವ ರೇಡಿಯೋ ಬೇರೆ, ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವ ರೇಡಿಯೋ ಬೇರೆ. ಝುಮರಿ ತಿಲೈಯಾದವರ ಆಸೆಗೆ ಪೂರ್ತಿ ಉತ್ತರ ಸಿಕ್ಕಿದ್ದು ಇಂಥ ಕಡೆ.

ಯಾರೂ ಮಾತಾಡದ ಆ ಹೊತ್ತು

ಇದೆಲ್ಲ ಮನರಂಜನೆಯ ಮಾತು, ಇದಕ್ಕೇಕೆ ಇಷ್ಟು ದೊಡ್ಡ ಲೇಖನ ಅನ್ನಬೇಡಿ. ಮನೆಗೆ ಹೊರಡುವ ಮುಂಚೆ ಗಾಲೆ ಕಡೆ ಹೋಗುವಾಗ ಹಿಕ್ಕಡುವಾ ಹತ್ತಿರ ಪೆರಲಿಯ ಎಂಬಲ್ಲಿ ವ್ಯಾನು ನಿಲ್ಲಿಸಿದರು. ಅಲ್ಲಿ ಸುನಾಮಿಯಲ್ಲಿ ಸತ್ತವರ ನೆನಪಿಗೆ ಎತ್ತರದ ಬುದ್ಧ ವಿಗ್ರಹವಿದೆ.

2004ರ ಡಿಸೆಂಬರ್ 26, ಭಾನುವಾರ, ಹುಣ್ಣಿಮೆಯ ಪೋಯ ಬೇರೆ. ಬೆಳಿಗ್ಗೆ 7 ಗಂಟೆಗೆ ಸ್ವಲ್ಪ ಮೊದಲು ದೂರದ ಸುಮಾತ್ರದ ಹತ್ತಿರ ಸಮುದ್ರದಡಿ ಭೂಮಿ ನಡುಗಿತು. ಲಂಕೆಯ ಪೂರ್ವ ತೀರಕ್ಕೆ ಅಲೆ ಬರಲು ಸುಮಾರು ಎರಡು ಗಂಟೆ ಹಿಡಿಯಿತು. ಪೂರ್ವದಲ್ಲಿ ಜನ ಸಾಯುತ್ತಿದ್ದಾಗ ನೈರುತ್ಯದ ಈ ತೀರದಲ್ಲಿ ಇನ್ನೂ ಸಮಯವಿತ್ತು. ಮಾತರಕ್ಕೆ ಹೊರಟ ರೈಲು ಹಳಿಯ ಮೇಲೆ ಬರುತ್ತಲೇ ಇತ್ತು. ಒಂಬತ್ತೂವರೆ ಸುಮಾರಿಗೆ ಪೆರಲಿಯದಲ್ಲಿ ನೀರು ಅದನ್ನು ಹೊಡೆಯಿತು. ಸಾವಿರಕ್ಕೂ ಹೆಚ್ಚು ಮಂದಿ ಅಲ್ಲೇ ತೀರಿಕೊಂಡರು. ಇಡೀ ದೇಶದಲ್ಲಿ 30 ಸಾವಿರಕ್ಕೂ ಹೆಚ್ಚು.

ರೇಡಿಯೋ ಇಲ್ಲದ ಮನೆ ಆ ದ್ವೀಪದಲ್ಲಿ ಕಡಿಮೆ. ಆದರೆ "ಸಮುದ್ರ ಬಿಟ್ಟು ಮೇಲಕ್ಕೆ ಓಡಿ" ಎಂಬ ಒಂದು ಮಾತು ಹೊತ್ತಿಗೆ ಸರಿಯಾಗಿ ಯಾವ ಮನೆಗೂ ಬರಲಿಲ್ಲ. ಎಚ್ಚರಿಕೆ ಕೊಡುವ ಏರ್ಪಾಡೇ ಆಗ ಇರಲಿಲ್ಲ. ಅಲೆ ಹೋದ ಮೇಲೆ ಫೋನು ಸತ್ತಿದ್ದಾಗ ಹಂಬಂತೋಟದಿಂದ ಕೊಲಂಬೊಗೆ ಸುದ್ದಿ ಮುಟ್ಟಿಸಲು ನೆರವಾದವರು ಹವ್ಯಾಸಿ ರೇಡಿಯೋದವರು. 2005ರಲ್ಲಿ ಲಂಕೆ ವಿಪತ್ತು ನಿರ್ವಹಣೆಗೆ ಕಾನೂನು ಮಾಡಿತು. ಅಂಗಡಿಯಲ್ಲಿ ಸತ್ತವರ ಹೆಸರು ಓದುತ್ತಿದ್ದ ಆ ದನಿ ನನಗೆ ಅಲ್ಲಿ ಮತ್ತೆ ನೆನಪಾಯಿತು. ಸತ್ತ ಮೇಲೆ ಹೆಸರು ಓದುವುದು ಪುಣ್ಯದ ಕೆಲಸ. ಸಾಯುವ ಮೊದಲು ಕೂಗಿ ಹೇಳುವುದು ಅದಕ್ಕಿಂತ ದೊಡ್ಡದು. ಅದಕ್ಕೆ ಊರಿನ ಹತ್ತಿರದ ದನಿ ಬೇಕು. ಯಾವ ಓಣಿ ತಗ್ಗು, ಯಾವ ಗುಡ್ಡ ಎತ್ತರ ಎಂದು ಗೊತ್ತಿರುವ ದನಿ.

ಇನ್ನು ನಮ್ಮ ಮಾತು

ನಮ್ಮಲ್ಲೂ ಇಂಥ ದನಿಗಳಿಗೆ ಕೊರತೆಯಿಲ್ಲ. ಹಾಸನ, ಮಡಿಕೇರಿ, ಚಿತ್ರದುರ್ಗ, ರಾಯಚೂರು, ಹೊಸಪೇಟೆ, ಕಾರವಾರ, ವಿಜಯಪುರ, ಇಲ್ಲೆಲ್ಲ ಆಕಾಶವಾಣಿಯ ಕೇಂದ್ರಗಳಿವೆ. ಬಾನಿನ ಅಲೆಗಳು ಜನರ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2006ರಿಂದ ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು. ಅದಕ್ಕೂ ಮುಂಚೆಯೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಪರವಾನಗಿ ಸಿಗದಿದ್ದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕ "ನಮ್ಮ ಧ್ವನಿ" ಎಂಬ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. ಅದರ ಬೆನ್ನಿಗೆ ನಿಂತವರಲ್ಲಿ ಸ್ವಸಹಾಯ ಸಂಘದ ಹೆಂಗಸರು ಮುಖ್ಯರು. ನಾವು ಲಂಕೆಗೆ ಹೋಗಿ ಕಲಿಯಬೇಕಾದ್ದು ಇಲ್ಲೇ ಇತ್ತು ಅನ್ನಿ!

ಕೊರತೆ ಇರುವುದು ನಮ್ಮ ಕಡೆಯಿಂದ. ಹಾಡಿಗೆ ಫೋನು ಮಾಡುತ್ತೇವೆ, ಮಾತಿಗೆ ಮಾಡುವುದಿಲ್ಲ. ನಿಮ್ಮ ಬೀದಿಯ ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆಯೇ? ಮಗುವಿನ ಲಸಿಕೆಯ ಬಗ್ಗೆ ಸಂಶಯವೇ? ನಿಮ್ಮ ಅತ್ತೆಗೆ ಯಾರಿಗೂ ಬಾರದ ನೂರು ಸೋಬಾನೆ ಪದ ಬರುತ್ತದೆಯೇ? ಒಂದು ಕಾರ್ಡು ಬರೆಯಿರಿ. ಮಹಿಳೆಯರ ಕಾರ್ಯಕ್ರಮದವರು, ಸಮುದಾಯ ರೇಡಿಯೋದವರು ಇಂಥದ್ದಕ್ಕೇ ಕಾಯುತ್ತಿರುತ್ತಾರೆ. ನಿಮ್ಮೂರಿನಲ್ಲಿ ಯಾವ ಕೇಂದ್ರ ಯಾವ ಸಂಖ್ಯೆಯಲ್ಲಿ ಸಿಗುತ್ತದೆ ಎಂದು ಮೊದಲು ತಿಳಿದು, ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಸೆಲ್ಲು ಹಾಕುವ ಒಂದು ಸಣ್ಣ ರೇಡಿಯೋ ಮನೆಯಲ್ಲಿರಲಿ. ಮಳೆಗಾಲದಲ್ಲಿ ಕರೆಂಟು ಹೋಗಿ, ಮೊಬೈಲೂ ಮಲಗಿದಾಗ ಅದು ಎದ್ದಿರುತ್ತದೆ.

ನಮ್ಮ ಗುಂಪಿನ ಗಂಡಸರೊಬ್ಬರು ನಕ್ಕರು: "ಅಷ್ಟು ದೂರ ಹೋಗಿ ರೇಡಿಯೋ ಕೇಳಿಕೊಂಡು ಬಂದಿರಾ?" ಹೌದು, ಕೇಳಿಕೊಂಡು ಬಂದೆ. ಅಡುಗೆಮನೆಯಲ್ಲಿ ಇರುವವಳಿಗೆ ಕಿವಿ ಮಾತ್ರವಲ್ಲ, ಬಾಯಿಯೂ ಇದೆ ಎಂದು ತಿಳಿದ ರೇಡಿಯೋಗಳನ್ನು ಕೇಳಿಕೊಂಡು ಬಂದೆ. ನೀವೂ ಈ ವಾರ ನಿಮ್ಮೂರಿನ ಕೇಂದ್ರಕ್ಕೆ ಒಂದು ಕಾಗದ ಹಾಕಿ ನೋಡಿ. ನಿಮ್ಮ ಹೆಸರು, ನಿಮ್ಮೂರಿನ ಹೆಸರು ಬಂದ ದಿನ ನೆರೆಮನೆಯವರನ್ನೂ ಕರೆದು ಕೂರಿಸಿಕೊಳ್ಳಿ. ಕಾಫಿ ನೀವೇ ಕೊಡಬೇಕು, ಅಷ್ಟೆ!